ಮೂರು ಜನರ ಪಕ್ಷ

ನಾನು ಒಂದು ರಾಜಕೀಯ ಪಕ್ಷದ ಪ್ರಧಾನ ಕಾರ್ಯದರ್ಶಿ ಎಂದರೆ ನನ್ನ ಹೆಂಡತಿಯೇ ನಂಬುವುದಿಲ್ಲ. ಅವಳ ತಪ್ಪೇನಿಲ್ಲ. ಸುರಪುರದಲ್ಲಿರುವ ನನ್ನ ಗಡಿಯಾರ ರಿಪೇರಿ ಅಂಗಡಿಯೇ ನಮ್ಮ ಪಕ್ಷದ ಕೇಂದ್ರ ಕಚೇರಿ. ಅಲ್ಲಿ ಮೂವರು ಕೂತರೆ ನಾಲ್ಕನೆಯವರು ನಿಲ್ಲಬೇಕು. ಸದ್ಯಕ್ಕೆ ನಾಲ್ಕನೆಯವರು ಇಲ್ಲ. ಈಗ ಕೈಗೆ ಗಡಿಯಾರ ಕಟ್ಟುವವರೂ ಕಡಿಮೆಯಾಗಿರುವುದರಿಂದ ರಾಜಕೀಯಕ್ಕೆ ನನಗೆ ಬೇಕಾದಷ್ಟು ಹೊತ್ತು ಸಿಗುತ್ತದೆ.

ನಮ್ಮದು ದಿಬ್ಬದ ಮೇಲಿನ ಓಣಿ. ನೀರಿಗೂ ನನ್ನ ಹಾಗೆ ದಿಬ್ಬ ಹತ್ತುವುದೆಂದರೆ ಬೇಸರ. ಕೆಳಗಿನವರು ಕೊಡ ತುಂಬಿ, ಅಂಗಳ ತೊಳೆದು, ಬೈಕನ್ನೂ ತೊಳೆದಾದ ಮೇಲೆ ನಮ್ಮ ನಳದಲ್ಲಿ ಬರುವುದು ಬರೀ ಗಾಳಿ. ನಮ್ಮ ಹೆಣ್ಣುಮಕ್ಕಳು ಕೊಡ ಹೊತ್ತು ಕೆಳಗಿಳಿದು ಪಾಳಿ ಹಚ್ಚಬೇಕು. ಇದಕ್ಕಾಗಿಯೇ ಐದು ಜನ ಸೇರಿ ಪಕ್ಷ ಕಟ್ಟಿದೆವು. ಪಕ್ಷದವರು ಹೆಗಲಿಗೆ ಹಾಕುವ ಟವೆಲ್ಲಿನ ಬಣ್ಣದ ಬಗ್ಗೆ ತಾತ್ವಿಕ ಭಿನ್ನಾಭಿಪ್ರಾಯ ಬಂದು ಇಬ್ಬರು ಒಡೆದು ಹೋದರು. ಅವರ ಪಕ್ಷ ಈಗ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಸೂಸಲಾ ತಿನ್ನುತ್ತಿರುತ್ತದೆ. ಉಳಿದವರು ನಾನು, ಮನೆ ಕಟ್ಟುವ ಗೌಂಡಿ ಭೀಮರಾಯ ಮತ್ತು ಬಟ್ಟೆ ಹೊಲಿಯುವ ಖಾಜಾಬಿ.

ಇಂಗ್ಲೆಂಡಿನ ಸಣ್ಣ ಊರುಗಳಲ್ಲೂ ಹೀಗೇ ಇದೆಯಂತೆ. ಒಂದೇ ಊರಿನ ಪಕ್ಷಗಳು. ಪಕ್ಕದ ಊರಿಗೆ ಅವುಗಳ ಹೆಸರೂ ಗೊತ್ತಿರುವುದಿಲ್ಲ. ಯಾವುದೋ ಉದ್ಯಾನ ಉಳಿಸಲು, ಗಾಡಿ ನಿಲ್ಲಿಸುವ ಜಾಗಕ್ಕಾಗಿ ಹುಟ್ಟಿ, ಟೌನ್ ಕೌನ್ಸಿಲ್ಲಿನಲ್ಲಿ ಒಂದೆರಡು ಕುರ್ಚಿ ಹಿಡಿದು ಕೂತಿರುತ್ತವೆ. ಮೊಬೈಲಿನಲ್ಲಿ ಇದನ್ನು ಓದಿದ ದಿನ ದೂರದ ನೆಂಟರು ಸಿಕ್ಕಷ್ಟು ಖುಷಿಯಾಯಿತು. ಜಗತ್ತನ್ನೇ ಬದಲಿಸುತ್ತೇವೆ ಎನ್ನುವವರ ನಡುವೆ ಒಂದು ನಳ ಸರಿಮಾಡುತ್ತೇವೆ ಎನ್ನುವವರೂ ಇರಬೇಕಲ್ಲವೇ? ಭೀಮರಾಯನಿಗೆ ಹೇಳಿದೆ. ಅವನು ಕೇಳಿದ್ದು ಒಂದೇ ಮಾತು: "ಅಲ್ಲಿ ನೀರು ದಿನಾ ಬರ್ತದೇನ್ರಿ?"

ನಗರಸಭೆ ಚುನಾವಣೆಯಲ್ಲಿ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾದಾಗ ಖಾಜಾಬಿಯನ್ನು ನಿಲ್ಲಿಸಿದೆವು. ಹೊಲಿಗೆ ಯಂತ್ರದ ಗುರುತು, ಮೂರು ಜನರ ಪ್ರಚಾರ. ಅವಳು ಗೆದ್ದಳು. ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವರು ನಾವೇ.

ನಗರಸಭೆಯ ಅಧ್ಯಕ್ಷರ ಆಯ್ಕೆ ಬಂತು. ಎರಡು ದೊಡ್ಡ ಪಕ್ಷಗಳೂ ಹೆಚ್ಚುಕಡಿಮೆ ಸಮಸಮ. ಇಂಥ ಹೊತ್ತಿನಲ್ಲಿ ಸದಸ್ಯರನ್ನು ಬಸ್ಸಿನಲ್ಲಿ ಕೂರಿಸಿ ಎಲ್ಲಾದರೂ ದೂರ ಒಯ್ದಿಟ್ಟುಕೊಳ್ಳುವುದು ವಾಡಿಕೆ. ಖಾಜಾಬಿಯ ಮನೆಗೂ ಎರಡೂ ಕಡೆಯವರು ಬಂದರು. ಯಾವುದಾದರೂ ಒಂದು ಬಸ್ಸು ಹತ್ತಿದರೆ ನಮ್ಮ ಪೈಪಿನ ಕೆಲಸ ಆದೀತೆಂದು ಪ್ರಧಾನ ಕಾರ್ಯದರ್ಶಿಯಾದ ನಾನೇ ಸಲಹೆ ಕೊಟ್ಟೆ.

"ಪಾಳಿಗಿ ಇಟ್ಟ ಕೊಡ ತಾನ ಎದ್ದು ಊರು ತಿರುಗಾಕ ಹೋದ್ರ ಪಾಳಿ ಉಳೀತದೇನ್ರಿ ಕಾಕಾ?" ಎಂದಳು ಅವಳು. "ನನ್ನ ಇಲ್ಲಿ ಇಟ್ಟವರು ಓಣಿಯವರು. ನಾ ಎಲ್ಲೂ ಹೋಗಂಗಿಲ್ಲ."

ನಳದ ಮುಂದೆ ಕೊಡ ಇಟ್ಟರೆ ಆ ಮನೆಯವರೇ ನಿಂತ ಹಾಗೆ. ಒಡತಿ ರೊಟ್ಟಿ ಬಡಿದು ಬರುವವರೆಗೂ ಅದನ್ನು ಯಾರೂ ಸರಿಸುವುದಿಲ್ಲ. ಆದರೆ ರಾಜಕೀಯದಲ್ಲಿ ಅಷ್ಟು ಮರ್ಯಾದೆ ಎಲ್ಲಿದೆ? ಬಸ್ಸಿನೊಳಗೇ ಒಬ್ಬಿಬ್ಬರು ಆಚೀಚೆಯಾಗಿ ಅವಳ ವೋಟಿಲ್ಲದೆಯೇ ಅಧ್ಯಕ್ಷರ ಆಯ್ಕೆ ಮುಗಿಯಿತು. ಗೆದ್ದವರಿಗೆ ಅವಳ ಹಂಗಿಲ್ಲ, ಸೋತವರಿಗೆ ಅವಳ ಮೇಲೆ ಸಿಟ್ಟು. ಇದ್ದ ಒಂದು ವೋಟನ್ನೂ ದಂಡ ಮಾಡಿದಳೆಂದು ಓಣಿಯವರು ಬೈದರು. ನನಗೂ ಒಳಗೊಳಗೇ ಹಾಗೇ ಅನ್ನಿಸಿ ಬಹಳ ಬೇಜಾರಾಗಿತ್ತು.

ಆಮೇಲೆ ಪ್ರತಿ ಸಭೆಯಲ್ಲೂ ನಮ್ಮ ಪೈಪಿನ ವಿಷಯ ಅಜೆಂಡಾದ ಕೊನೆಗೇ ಇರುತ್ತಿತ್ತು. ಚಹಾ, ಚೂಡಾ ಮುಗಿದ ಮೇಲೆ ಸದಸ್ಯರು ಒಬ್ಬೊಬ್ಬರಾಗಿ ಜಾರುತ್ತಿದ್ದರು. ಸರದಿ ನಮ್ಮ ಪೈಪಿನವರೆಗೆ ಬರುತ್ತಲೇ ಇರಲಿಲ್ಲ. ಖಾಜಾಬಿ ಮಾತ್ರ ಒಂದು ಸಭೆಯನ್ನೂ ತಪ್ಪಿಸಲಿಲ್ಲ.

ಹೀಗಿರುವಾಗ ಒಂದು ಸಭೆಯ ದಿನವೇ ಯಾದಗಿರಿಯಲ್ಲಿ ದೊಡ್ಡ ನಾಯಕರೊಬ್ಬರ ಮಗಳ ಮದುವೆ ಬಂತು. ಎರಡೂ ಪಕ್ಷದ ಬಹಳಷ್ಟು ಮಂದಿ ಅತ್ತ ಹೋದರು. ಅಧ್ಯಕ್ಷರಿಗೆ ಅಂದೇ ಮಂಜೂರಾಗಬೇಕಾದ ಕೆಲಸಗಳಿದ್ದವು. ತಲೆ ಎಣಿಸಿದರೆ, ಸಭೆ ನಡೆಯಲು ಬೇಕಾದ ಕೋರಂ ಖಾಜಾಬಿ ಕೂತಿದ್ದರೆ ಉಂಟು, ಎದ್ದರೆ ಇಲ್ಲ. ಭೀಮರಾಯನೂ ನಾನೂ ಬಾಗಿಲ ಹೊರಗೆ ನಿಂತು ಕೇಳುತ್ತಿದ್ದೆವು.

"ನಿಮ್ಮ ಪಕ್ಷದವರು ಎಷ್ಟು ಮಂದಿ ಬಂದೀರವ್ವಾ?" ಎಂದು ಅಧ್ಯಕ್ಷರು ಚೇಷ್ಟೆ ಮಾಡಿದರು.

"ಎಲ್ಲಾರೂ ಬಂದೀವ್ರಿ," ಎಂದಳು ಖಾಜಾಬಿ. "ನಮ್ಮ ಪೈಪಿನ ವಿಷಯ ಮೊದಲ ತಗೋರಿ. ಕಡೀಕ ಇಟ್ರ ನಾನೂ ಮದಿವಿಗಿ ಹೋಗಾಕಿ."

ಪೈಪಿನ ಕೆಲಸ ಮೊದಲು ಮಂಜೂರಾಯಿತು. ದಿಬ್ಬದ ಓಣಿಗೆ ಬೇರೆಯೇ ಪೈಪು ಬಂತು. ಮೊದಲ ಸಲ ನೀರು ಬಂದಾಗ ನನ್ನ ಹೆಂಡತಿ ಕೊಡ ತುಂಬಿದ ಮೇಲೂ ನಳ ನಿಲ್ಲಿಸದೆ ನೋಡುತ್ತ ನಿಂತಳು. ನನ್ನ ಕಣ್ಣು ತುಂಬಿ ಬಂತು.

ಗೆದ್ದ ಹುರುಪಿನಲ್ಲಿ ನಾನು, ಪಕ್ಷವನ್ನು ಊರ ತುಂಬ ಬೆಳೆಸೋಣ, ಪಕ್ಕದ ಶಹಾಪುರದಲ್ಲೂ ಒಂದು ಶಾಖೆ ತೆಗೆಯೋಣ ಎಂದೆ. ಭೀಮರಾಯ ಹೂಂ ಎಂದು ತಲೆಯಾಡಿಸಿದ. ಖಾಜಾಬಿ ಹಲ್ಲಲ್ಲಿ ಹಿಡಿದ ದಾರ ಕತ್ತರಿಸಿ ಹೇಳಿದಳು:

"ಬ್ಯಾಡ್ರಿ ಕಾಕಾ. ಮಂದಿ ಹೆಚ್ಚಾದಂಗ ಮದಿವಿನೂ ಹೆಚ್ಚಾಗ್ತಾವ."