ಕಳೆದುಹೋದ ಮಗುವಿನ ಹೆಸರು

ಮನುಷ್ಯರ ರಕ್ತ ಸುರಿದರೆ ಸಿಮೆಂಟು ಗಟ್ಟಿಯಾಗುವುದಿಲ್ಲ. ಇದನ್ನು ಅಚ್ಚು ಹಾಕಿಸಿ ಹೇಳಬೇಕಾಗಿ ಬಂದಿದೆಯಲ್ಲ, ಅದಕ್ಕೆ ನಾವೆಲ್ಲ ನಾಚಬೇಕು. ನದಿಗೆ ಅಡ್ಡವಾಗಿ ಅಣೆಕಟ್ಟು ಏಳುತ್ತಿದ್ದ ವರ್ಷಗಳಲ್ಲಿ ಭದ್ರಾವತಿಯ ಜನ ಬೇರೆಯದನ್ನೇ ನಂಬಿದ್ದರು. ಕಟ್ಟೆ ನಿಲ್ಲಬೇಕಾದರೆ ಮಕ್ಕಳ ಬಲಿ ಬೇಕು, ಅದಕ್ಕಾಗಿ ಚೀಲ ಹಿಡಿದವರು ಊರೂರು ತಿರುಗುತ್ತಿದ್ದಾರೆ ಎಂದು. ನಂಬಿದವರು ಕಾಡಿನಲ್ಲಿ ಇದ್ದವರಲ್ಲ. ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ದಿನಾ ಕುಲುಮೆಯ ಮುಂದೆ ನಿಂತು ಕಬ್ಬಿಣ ಕರಗಿಸುತ್ತಿದ್ದವರು. ಯಾವುದಕ್ಕೆ ಏನು ಬೆರೆಸಿದರೆ ಗಟ್ಟಿಯಾಗುತ್ತದೆ ಎಂದು ಬಲ್ಲವರು.

ಆ ನಂಬಿಕೆಯ ಎದುರು ಒಂದು ಮಧ್ಯಾಹ್ನ ಮಾತಾಡಿದ ಮನುಷ್ಯನ ಹೆಸರು ಇಸ್ಹಾಕ್. ಶಿವಮೊಗ್ಗದ ಕೋಟೆಯ ಹತ್ತಿರ ಅವರದು ಒಂದು ಬಾಗಿಲಿನ ಅಂಗಡಿ. ಅಪ್ಪ ಜಟಕಾ ಓಡಿಸಿದವರು. ಇಸ್ಹಾಕ್ ರೇಡಿಯೊ ರಿಪೇರಿ ಕಲಿತು, ಒಂದು ಆಂಪ್ಲಿಫೈಯರು, ಎರಡು ಹಾರ್ನು, ಒಂದು ಕಾರಿನ ಬ್ಯಾಟರಿ ಜೋಡಿಸಿಕೊಂಡು ಮೈಕ್ ಸೆಟ್ಟು ಬಾಡಿಗೆಗೆ ಕೊಡತೊಡಗಿದರು. ಮದುವೆ, ಉರುಸು, ಹರಿಕಥೆ, ಚುನಾವಣೆ ಎಲ್ಲದಕ್ಕೂ ಅವರೇ. ಊರು ಅವರನ್ನು ಮೈಕ್ ಇಸ್ಹಾಕ್ ಎಂದೇ ಕರೆಯಿತು.

ಹನ್ನೆರಡು ವರ್ಷ ಭಾಷಣಕಾರರ ಕಾಲಬುಡದಲ್ಲಿ ಕೂತು ಅವರು ಕಲಿತ ವಿದ್ಯೆ ಯಾವ ಕಾಲೇಜಿನಲ್ಲೂ ಸಿಕ್ಕದು. “ಮಾತಲ್ಲಿ ಹುರುಳಿಲ್ಲದ ಕಡೆ ದನಿ ಏರುತ್ತೆ ಸ್ವಾಮಿ,” ಎನ್ನುತ್ತಿದ್ದರು. “ಆಗ ನಾನು ಗುಂಡಿ ತಿರುಗಿಸಿ ಸೌಂಡ್ ಇಳಿಸಿಬಿಡ್ತೀನಿ. ಜನಕ್ಕೆ ನನ್ನಿಂದ ಅಷ್ಟಾದ್ರೂ ಉಪಕಾರ ಆಗ್ಲಿ.” ವೇದಿಕೆಯ ಮೇಲೆ ಕಣ್ಣೀರು ಹಾಕುವವರ ಬಗ್ಗೆ ಕೇಳಿದರೆ ನಗುತ್ತಿದ್ದರು. “ಅಳಲಿ ಬಿಡಿ. ಆದ್ರೆ ಮೈಕಿನ ಮೇಲೆ ಅಳಬಾರ್ದು, ತುಕ್ಕು ಹಿಡಿಯುತ್ತೆ.”

ತಾವಾಗಿ ಅವರು ಮೈಕಿನಲ್ಲಿ ಮಾತಾಡುತ್ತಿದ್ದದ್ದು ಒಂದೇ ಕೆಲಸಕ್ಕೆ. ಸಭೆ ಯಾರದ್ದೇ ಇರಲಿ, ಗದ್ದಲದಲ್ಲಿ ಮಗು ಕಳೆದರೆ ಜನ ನೇರ ಇಸ್ಹಾಕರ ಹತ್ತಿರ ಬರುತ್ತಿದ್ದರು. ಅವರು ಉಗುರಿನಿಂದ ಮೈಕನ್ನು ಎರಡು ಸಲ ತಟ್ಟಿ, ಮಗುವಿನ ಹೆಸರು, ಬಟ್ಟೆಯ ಬಣ್ಣ, ಅಪ್ಪನ ಹೆಸರು, ಮೂರನ್ನೂ ನಿಧಾನವಾಗಿ ಹೇಳುತ್ತಿದ್ದರು. ಸಿಕ್ಕಿದ ಮಗು ಆಂಪ್ಲಿಫೈಯರಿನ ಪೆಟ್ಟಿಗೆಯ ಮೇಲೆ ಕೂತು ಕಡ್ಲೆಪುರಿ ತಿನ್ನುತ್ತ ಅಮ್ಮನಿಗಾಗಿ ಕಾಯುತ್ತಿತ್ತು. ಮೂರರಲ್ಲಿ ಒಂದು ವಿವರ ಕಮ್ಮಿಯಿದ್ದರೂ ಅವರು ಕೂಗುತ್ತಿರಲಿಲ್ಲ. “ಮೊದ್ಲು ಸಮ ತಿಳ್ಕೊಂಡು ಬಾ ಮಾರಾಯ” ಎಂದು ವಾಪಸು ಕಳಿಸುತ್ತಿದ್ದರು. ಶಿವಮೊಗ್ಗ, ಭದ್ರಾವತಿ ಎರಡೂ ಊರು ಅವರ ದನಿಯನ್ನು ನಂಬಿದ್ದು ಇದಕ್ಕೇ.

ಅರವತ್ತೊಂದನೇ ಇಸವಿ, ಭದ್ರಾವತಿಯ ಸಂತೆಯ ದಿನ. ಸಂತೆಯ ಪಕ್ಕದ ಬಯಲಲ್ಲಿ ಮಧ್ಯಾಹ್ನ ಒಂದು ಸಹಕಾರ ಸಂಘದ ಸಭೆ. ಇಸ್ಹಾಕ್ ಬೆಳಿಗ್ಗೆಯೇ ಬಸ್ಸಿನಲ್ಲಿ ಸಾಮಾನು ತಂದು ಮರಕ್ಕೆ ಹಾರ್ನು ಕಟ್ಟುತ್ತಿದ್ದರು. ತರಕಾರಿ ಮಾರುವ ಜಟ್ಟಪ್ಪ ಓಡಿಬಂದ.

“ಇಸ್ಹಾಕಣ್ಣ, ಒಂದು ಮಾತು ಮೈಕಲ್ಲಿ ಕೂಗಿಬಿಡು. ಮಕ್ಕಳ ಕಳ್ಳರು ಸಂತೆಗೆ ಬಂದಿದಾರಂತೆ.”

“ಯಾರು ನೋಡಿದ್ದು?”

“ಎಲ್ರೂ ಹೇಳ್ತಾ ಇದಾರೆ ಮಾರಾಯ! ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ? ನಾಳೆ ಯಾವುದಾದ್ರೂ ಕೂಸು ಹೋದ್ರೆ ಪಾಪ ನಿನ್ನ ತಲೆಗೇ ಬರುತ್ತೆ ನೋಡು.”

ಆ ಒಂದು ದಿನ ಇಸ್ಹಾಕ್ ತಮ್ಮ ನಿಯಮ ಮುರಿದರು. ಒಳ್ಳೆಯದಕ್ಕೇ ಅಲ್ಲವೇ ಎಂದುಕೊಂಡರು. ಮೈಕ್ ತಟ್ಟಿ ಕೂಗಿದರು: “ಮಕ್ಕಳ ಕಳ್ಳರು ಬಂದಿದ್ದಾರೆ, ಚೀಲ ಹಿಡಿದ ಅಪರಿಚಿತರು ಕಂಡರೆ ಹುಷಾರು.” ಜಟ್ಟಪ್ಪನ ಬಾಯಲ್ಲಿ ಗಾಳಿಸುದ್ದಿಯಾಗಿದ್ದದ್ದು ಹಾರ್ನಿನಿಂದ ಹೊರಬರುವಾಗ ಕಣ್ಣಾರೆ ಕಂಡ ಸತ್ಯವಾಗಿತ್ತು.

ಮೂರು ತಾಸು ಕಳೆದಿರಲಿಲ್ಲ, ಬಂಗಾರಮ್ಮ ಸಿಕ್ಕಿಬಿದ್ದಳು. ಆಂಧ್ರದ ಕಡೆಯ ಬಡವಿ. ಮನೆಮನೆಗೆ ಹೋಗಿ, ಹೆಂಗಸರು ತಲೆ ಬಾಚಿದಾಗ ಉದುರಿದ ಕೂದಲು ತೆಗೆದುಕೊಂಡು, ಬದಲಿಗೆ ಪಿನ್ನು, ಸೂಜಿ, ಗಾಜಿನ ಮಣಿ ಕೊಡುವವಳು. ಚೀಲ ಕಸಿದು ಬೋರಲು ಹಾಕಿದರು. ಕೂದಲು ಉಂಡೆ ಉಂಡೆಯಾಗಿ ಉರುಳಿತು.

“ಅಯ್ಯಯ್ಯೋ, ಮಕ್ಕಳ ತಲೆಗೂದಲು!”

ಮೊದಲು ಹೀಗೆ ಕೂಗಿದ್ದು ಈಶ್ವರಮ್ಮ, ಕಾರ್ಖಾನೆಯ ಫಿಟ್ಟರ್ ಒಬ್ಬರ ಹೆಂಡತಿ. ತಿಂಗಳ ಹಿಂದೆ ಇದೇ ಬಂಗಾರಮ್ಮನಿಂದ ಪಿನ್ನು ತೆಗೆದುಕೊಂಡಿದ್ದಾಕೆ. ಆ ಪಿನ್ನು ಆಗಲೂ ಆಕೆಯ ತುರುಬಿನಲ್ಲೇ ಇತ್ತು. ಹೆದರಿಕೆ ಹೊಕ್ಕ ತಲೆಗೆ ತನ್ನ ತುರುಬೂ ನೆನಪಿರುವುದಿಲ್ಲ.

ಬಂಗಾರಮ್ಮನನ್ನು ವೇದಿಕೆಯ ಮುಂದಕ್ಕೆ ಎಳೆದು ತಂದರು. “ನೇನು ಕಾದಮ್ಮಾ, ನೇನು ಕಾದು,” ನಾನಲ್ಲಮ್ಮಾ ಎಂದು ಆಕೆ ಕೈ ಮುಗಿಯುತ್ತಿದ್ದಳು. ಅರ್ಥವಾಗದ ಭಾಷೆಯೇ ಜನಕ್ಕೆ ಇನ್ನೊಂದು ಸಾಕ್ಷಿಯಾಯಿತು. ಕಾರ್ಖಾನೆಯಲ್ಲಿ ಪಕ್ಕದಲ್ಲೇ ನಿಂತು ದುಡಿಯುವ ತೆಲುಗರ ಭಾಷೆ ಅದೇ ಎಂದು ಯಾರಿಗೂ ಹೊಳೆಯಲಿಲ್ಲ.

ಸಭೆಗೆ ಭಾಷಣ ಮಾಡಲು ಬಂದಿದ್ದ ಲಕ್ಷ್ಮೀಕಾಂತ ಮೇಷ್ಟ್ರು ಮೈಕ್ ಹಿಡಿದರು. ಧೈರ್ಯವಂತರೇ. “ಮಹನೀಯರೇ, ವಿಚಾರ ಮಾಡಿ. ಸಿಮೆಂಟು ಆಗುವುದು ಸುಣ್ಣಕಲ್ಲು, ಜೇಡಿಮಣ್ಣಿನಿಂದ. ರಕ್ತಕ್ಕೂ ಅದಕ್ಕೂ ಏನು ಸಂಬಂಧ?” ಹೇಳಿದ್ದು ಪೂರಾ ನಿಜ.

“ಮೇಷ್ಟ್ರೇ, ನಿಮಗೆ ಮಕ್ಕಳಿಲ್ಲ, ಕೂತ್ಕೊಳ್ಳಿ!” ಎಂದಿತು ಗುಂಪು.

ಮೇಷ್ಟ್ರು ಬಂಗಾರಮ್ಮನ ಕಡೆ ಕೈ ತೋರಿದರು. “ಈಕೆಯೂ ಒಬ್ಬ ತಾಯಿ, ಕರುಣೆ ಇರಲಿ.”

“ಹಂಗಾದ್ರೆ ನಮ್ಮನೆ ತಾಯಂದಿರೇನು ಕಲ್ಲಾ?”

ಕರುಣೆಯ ಮಾತು ಬೆಂಕಿಗೆ ತುಪ್ಪವಾಯಿತು. ಮೊದಲ ಕಲ್ಲು ಬಂಗಾರಮ್ಮನ ಹಣೆಗೆ ಬಿತ್ತು. ಅದು ಯಾರ ಕೈಯಿಂದ ಹೋಯಿತೋ ಗೊತ್ತಿಲ್ಲ. ಎರಡನೆಯದು ನನ್ನ ಕೈಯಲ್ಲಿತ್ತು.

ಆಗ ಹಾರ್ನಿನಲ್ಲಿ ಎರಡು ಸಲ ಸದ್ದಾಯಿತು. ಟಕ್, ಟಕ್. ಇಸ್ಹಾಕರ ಉಗುರು.

ಹನ್ನೆರಡು ವರ್ಷದ ಅಭ್ಯಾಸ. ಗುಂಪು ತನಗೇ ಗೊತ್ತಿಲ್ಲದೆ ಆ ಕಡೆ ತಿರುಗಿತು. ಹೆಂಗಸರು ಪಕ್ಕದಲ್ಲಿದ್ದ ಮಕ್ಕಳ ಕೈ ತಡಕಿದರು.

“ಕೇಳಿ, ಕೇಳಿ. ಮಗು ಕಳೆದಿದೆ,” ಎಂದರು ಇಸ್ಹಾಕ್. ದನಿ ಏರಿಸಲಿಲ್ಲ. “ಮಗುವಿನ ಹೆಸರು...” ಎಂದು ನಿಲ್ಲಿಸಿದರು. “ಹೆಸರು ಏನು? ಗೊತ್ತಿದ್ದೋರು ಹೇಳಿ, ಕೂಗ್ತೀನಿ.”

ಇಸ್ಹಾಕ್ ಮತ್ತೆ ಎರಡು ಸಲ ಮೈಕ್ ತಟ್ಟಿದರು.

“ಅಂಗಿ ಯಾವ ಬಣ್ಣ? ಅಪ್ಪ ಯಾರು? ಮುಂದೆ ಬನ್ನಿ. ಇಷ್ಟು ವರ್ಷ ಹುಡುಕಿ ಕೊಟ್ಟಿದೀನಿ, ಇವತ್ತೂ ಕೊಡ್ತೀನಿ.”

“ತರೀಕೆರೆ ಕಡೆ ಎರಡು ಹೋಗಿದೆಯಂತೆ!” ಹಿಂದಿನಿಂದ ಒಬ್ಬ ಕೂಗಿದ.

“ಹೆಸರು ಹೇಳಪ್ಪ.”

“ನಂಗೇನು ಗೊತ್ತು?”

ಒಬ್ಬಿಬ್ಬರು ನಕ್ಕರು. ಇನ್ನೊಬ್ಬ ಸಿಟ್ಟಿನಿಂದ ಮುಂದೆ ನುಗ್ಗಿದ. “ಏನು ಸಾಬ್ರೇ, ಅವಳ ಕಡೆ ವಕಾಲತ್ತಾ? ಬೆಳಿಗ್ಗೆ ಕಳ್ಳರು ಬಂದಿದಾರೆ ಅಂತ ಕೂಗಿದ್ದು ನೀವೇ ಅಲ್ವಾ?”

ಇಲ್ಲಿ ಜಾರಿಕೊಳ್ಳಲು ದಾರಿಯಿತ್ತು. ಜಟ್ಟಪ್ಪ ಹೇಳಿದ ಎನ್ನಬಹುದಿತ್ತು. ಜಟ್ಟಪ್ಪ ಹತ್ತು ಅಡಿ ದೂರದಲ್ಲೇ ನಿಂತಿದ್ದ.

“ಹೌದು, ನಾನೇ ಕೂಗಿದ್ದು,” ಎಂದರು ಇಸ್ಹಾಕ್. “ನಾನು ಯಾವ ಕಳ್ಳರನ್ನೂ ನೋಡಿರ್ಲಿಲ್ಲ. ಹೆಸರು ಕೇಳ್ದೆ ಯಾವತ್ತೂ ಕೂಗಿದವನಲ್ಲ, ಇವತ್ತು ಕೂಗ್ದೆ. ತಪ್ಪು ನಂದು. ನೀವು ನನ್ನ ಮಾತು ನಂಬಿ ಕಲ್ಲು ಎತ್ಕೊಂಡಿದೀರಿ. ಈಗ ನನ್ನನ್ನ ನಂಬಬೇಡಿ. ನಿಮ್ಮ ನಿಮ್ಮ ಮಕ್ಕಳನ್ನ ನೀವೇ ಎಣಿಸ್ಕೊಳ್ಳಿ. ಕಮ್ಮಿ ಬಿದ್ದೋರು ಒಬ್ಬರಾದ್ರೂ ಕೈ ಎತ್ತಿ.”

ಬಯಲಲ್ಲಿ ಒಂದು ಕೈಯೂ ಮೇಲೇಳಲಿಲ್ಲ.

“ಇನ್ನು ಈ ಕೂದಲು. ಪಿನ್ನಿಗೆ ಕೊಟ್ಟೋರು ಯಾರೋ ಇಲ್ಲೇ ಇರ್ಬೇಕು. ಬಂದು ನೋಡಿ ತಾಯಿ.”

 ಆಮೇಲೆ ಈಶ್ವರಮ್ಮ ತಲೆ ತಗ್ಗಿಸಿಕೊಂಡು ಮುಂದೆ ಬಂದು ಬಗ್ಗಿದಳು. ಒಂದು ಉಂಡೆ ಎತ್ತಿ ಬಿಡಿಸಿ ನೋಡಿದಳು. ಅರ್ಧ ಕಪ್ಪು, ಅರ್ಧ ಬಿಳಿ.

“ಇದು ನಂದೇ ಕಣ್ರೀ,” ಎಂದಳು. ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. “ಯಾವ ಕೂಸಿಗೆ ಇಷ್ಟು ನರೆ ಬಂದಿರುತ್ತೆ, ನೀವೇ ಹೇಳಿ!”

ಯಾರೋ ಪಕ್ಕನೆ ನಕ್ಕರು. ನಗು ಹರಡಿತು, ಕಲ್ಲುಗಳು ಸದ್ದಿಲ್ಲದೆ ನೆಲಕ್ಕೆ ಬಿದ್ದವು, ನನ್ನದೂ ಬಿತ್ತು. ಮೇಷ್ಟ್ರು ಹೇಳಿದ ನಿಜವನ್ನು ಇಸ್ಹಾಕ್ ಅಲ್ಲಗಳೆದಿರಲಿಲ್ಲ, ಜನ ಹಿಡಿದುಕೊಳ್ಳುವಂತೆ ಅದಕ್ಕೊಂದು ಹಿಡಿಕೆ ಹಾಕಿಕೊಟ್ಟಿದ್ದರು. ಜನರ ಭಯವನ್ನು ಹೀಯಾಳಿಸಲಿಲ್ಲ. ಆ ಭಯದ ಕೈಗೆ ಅವರವರ ಮಕ್ಕಳ ಕೈ ಕೊಟ್ಟು, ಎಣಿಸಿ ಎಂದರು. ಹನ್ನೆರಡು ವರ್ಷ ಕೂಡಿಟ್ಟ ನಂಬಿಕೆಯನ್ನು ಒಂದು ಅಪರಿಚಿತ ಹೆಂಗಸಿನ ಜೀವಕ್ಕಾಗಿ ಮೈಕಿನ ಮುಂದೆಯೇ ಸುರಿದುಬಿಟ್ಟರು.

ಯಾರೂ ಬಂಗಾರಮ್ಮನ ಕ್ಷಮೆ ಕೇಳಲಿಲ್ಲ. ಸಂತೆ ಮತ್ತೆ ಸಂತೆಯಾಯಿತು. ಜಟ್ಟಪ್ಪ ಬದನೆಕಾಯಿ ತೂಗಲು ಹೋದ. ಗಾಳಿಗೆ ಚೆದುರಿದ ಕೂದಲನ್ನು ಬಂಗಾರಮ್ಮ ಮಂಡಿಯೂರಿ ಆರಿಸುತ್ತಿದ್ದಳು, ಜೊತೆಗೆ ಈಶ್ವರಮ್ಮ ಒಬ್ಬಳೇ ಕೂತಳು. ಇಸ್ಹಾಕ್ ಮೈಕ್ ಬಿಚ್ಚಿಟ್ಟು ಬಂಗಾರಮ್ಮನನ್ನು ದವಾಖಾನೆಗೆ ಕರೆದೊಯ್ದು ಹಣೆಗೆ ಹೊಲಿಗೆ ಹಾಕಿಸಿದರು.

ಅದಾದ ಎರಡು ವರ್ಷ ಭದ್ರಾವತಿಯಲ್ಲಿ ಯಾರೂ ಅವರ ಸೆಟ್ಟು ಕರೆಸಲಿಲ್ಲ. “ಸುಳ್ಳು ಕೂಗಿದವನು, ತಾನೇ ಒಪ್ಕೊಂಡಿದಾನಲ್ಲ” ಎಂದರು. ಜಟ್ಟಪ್ಪನ ಅಂಗಡಿಗೆ ಒಬ್ಬ ಗಿರಾಕಿಯೂ ಕಮ್ಮಿಯಾಗಲಿಲ್ಲ. ಇದು ನಮ್ಮ ನ್ಯಾಯ. ಇಸ್ಹಾಕರ ಹೆಂಡತಿ ಕುಲ್ಸುಂ ಒಮ್ಮೆ ನನ್ನೆದುರೇ ಅವರನ್ನು ತರಾಟೆಗೆ ತೆಗೆದುಕೊಂಡರು.

“ತಪ್ಪು ಒಪ್ಪಿಕೊಳ್ಳೋಕೂ ಮೈಕೇ ಬೇಕಿತ್ತಾ ನಿಮಗೆ? ಆಮೇಲೆ ಮೆಲ್ಲಗೆ ನಾಲ್ಕು ಜನಕ್ಕೆ ಹೇಳಿದ್ರೆ ಆಗ್ತಿರ್ಲಿಲ್ವಾ?”

ಇಸ್ಹಾಕ್ ಆಂಪ್ಲಿಫೈಯರಿನ ಸುಟ್ಟ ವಾಲ್ವ್ ಒಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. “ಮೈಕಲ್ಲಿ ಕೂಗಿದ ಸುಳ್ಳನ್ನ ಕಿವೀಲಿ ಹೇಳಿ ವಾಪಸ್ ತಗೊಳ್ಳೋಕಾಗುತ್ತೇನೇ?” ಎಂದರು.

ಅಣೆಕಟ್ಟು ಯಾವ ಮಗುವಿನ ರಕ್ತವೂ ಇಲ್ಲದೆ ಎದ್ದು ನಿಂತಿತು. ಗಾಳಿಸುದ್ದಿ ಮಾತ್ರ ಸತ್ತಿಲ್ಲ. ಮೊನ್ನೆ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಇನ್ಯಾವುದೋ ಸೇತುವೆಯ ಹೆಸರಿನಲ್ಲಿ ಅದೇ ಮಾತು ಕೇಳಿದೆ. ಹೇಳುತ್ತಿದ್ದವರು ಓದಿದವರು. ನಾಳೆ ನಿಮ್ಮ ಬೀದಿಗೂ ಬರುತ್ತದೆ. ಹೇಳುವವರು ನಿಮ್ಮವರೇ ಆಗಿರುತ್ತಾರೆ, ಬೆರಳು ತೋರಿಸುವುದು ಭಾಷೆ ಬಾರದ ಯಾರೋ ಬಡವರ ಕಡೆಗೆ. ಆಗ ಕಳೆದುಹೋದ ಮಗುವಿನ ಹೆಸರು ಕೇಳಿ. ಅಂಗಿಯ ಬಣ್ಣ ಕೇಳಿ, ಅಪ್ಪನ ಹೆಸರು ಕೇಳಿ. ಉತ್ತರ ಬರುವ ತನಕ ಕೈಯಲ್ಲಿರುವ ಕಲ್ಲು ಕೆಳಗಿಡಿ.