ಗೌರಮ್ಮನ ಬಾಳೆಯ ಮೇಲಿನ ದೂರು

ಗೌರಮ್ಮ ಜಿಪುಣಿ. ಹನ್ನೊಂದು ವರ್ಷ ಪಕ್ಕದ ಮನೆಯಲ್ಲಿದ್ದು ಹೇಳುತ್ತಿದ್ದೇನೆ.

ಗಂಡ ರಾಮಚಂದ್ರ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯೊಂದರಲ್ಲಿ ತಂತ್ರಜ್ಞ. ಗುಜರಾತಿನಲ್ಲಿ, ಸ್ಯಾಟಲೈಟ್ ಎಂಬ ಬಡಾವಣೆಯ ನಮ್ಮ ವಸತಿ ಸೊಸೈಟಿಯಲ್ಲಿ ಅವರದು ನೆಲಮಹಡಿ. ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ಗೌರಮ್ಮ ಹಾಸನದಿಂದ ತಂದ ಬಾಳೆಕಂದು ನೆಟ್ಟಳು. ನಾಲ್ಕು ವರ್ಷದಲ್ಲಿ ಏಳು ಗಿಡಗಳಾದವು. ಎಲೆ ಹಬ್ಬದೂಟಕ್ಕೆ, ಹೂವು ಪಲ್ಯಕ್ಕೆ, ದಿಂಡು ಕೋಸಂಬರಿಗೆ, ಕಾಯಿ ಬಜ್ಜಿಗೆ. ಒಣಗಿದ ಪಟ್ಟೆಯನ್ನು ಸೀಳಿ ನಾರು ತೆಗೆದು ಹೂ ಕಟ್ಟುತ್ತಿದ್ದಳು. ಸಿಪ್ಪೆ ಮತ್ತೆ ಬುಡಕ್ಕೇ. ಹೊರಗೆ ಏನೂ ಹೋಗುತ್ತಿರಲಿಲ್ಲ. ನಮ್ಮ ಮನೆಯ ಪೂಜೆಗೆ ಎರಡು ಎಲೆ ಬೇಕೆಂದಾಗ, "ಎಲೆ ಕೊಯ್ದ್ರೆ ಗೊನೆ ಸೊರಗುತ್ತೆ ಕಣ್ರೀ. ಸ್ಟೀಲ್ ತಟ್ಟೇಲಿಟ್ರೆ ದೇವ್ರೇನು ಬೇಡ ಅಂತಾನಾ?" ಎಂದಳು.

೧೯೯೪ರ ಮಾರ್ಚಿನಲ್ಲಿ ಮೇಲಿನ ಮನೆಯ ಮುದುಕಿ ಕಾಶೀಬೇನ್ ಸೊಸೈಟಿಗೆ ದೂರು ಕೊಟ್ಟರು: ಬಾಳೆಯಿಂದ ಸೊಳ್ಳೆ, ಎಲ್ಲ ಕಡಿಸಿ. ದೂರಿದವರು ಅವರೊಬ್ಬರೇ. ಆ ದೂರು ಬಿದ್ದುಹೋದರೆ ಗಿಡಗಳು ಉಳಿಯುತ್ತಿದ್ದವು. ಗೌರಮ್ಮ ಗುಜರಾತಿ ಬಲ್ಲ ಮಗಳು ಪೂರ್ವಿಯನ್ನು ಸಭೆಗೆ ಕರೆತಂದಳು. ನಾನೂ ಇದ್ದೆ.

ಕಾಶೀಬೇನ್ ಸೊಳ್ಳೆಯ ಮಾತೇ ಎತ್ತಲಿಲ್ಲ. "ರೋಜ್ ಸವಾರೇ ಕೇಳುಂ, ಕೇಳುಂ ಬೋಲೇ ಛೇ. ಏಕ್ ದಿವಸ್ ಆಪ್ಯುಂ?" ದಿನಾ ಬೆಳಿಗ್ಗೆ ಬಾಳೆಹಣ್ಣು, ಬಾಳೆಹಣ್ಣು ಎನ್ನುತ್ತಾಳೆ, ಒಂದು ದಿನವಾದರೂ ಕೊಟ್ಟಳೇ ಎಂದು ಪೂರ್ವಿ ಅಮ್ಮನಿಗೆ ಕನ್ನಡದಲ್ಲಿ ಹೇಳಿದಳು. ನಾಲ್ಕು ವರ್ಷ ಬಾಲ್ಕನಿಯಲ್ಲಿ ನಿಂತು ಕಾದೆ ಎನ್ನುವಾಗ ಅವರ ದನಿ ನಡುಗಿತು.

ಗುಜರಾತಿಯಲ್ಲಿ ಬಾಳೆಹಣ್ಣಿಗೆ ಕೇಳುಂ ಎನ್ನುತ್ತಾರೆ. ಶಾಲೆಗೆ ಓಡುವ ಪೂರ್ವಿಯ ಬೆನ್ನಿಗೆ ಗೌರಮ್ಮ ದಿನವೂ ಕೂಗುತ್ತಿದ್ದುದು, "ಕೇಳು, ಕೇಳೇ ಇಲ್ಲಿ!" ಕನ್ನಡ ಬಲ್ಲ ನಮ್ಮ ಮೂವರಿಗೂ ತಕ್ಷಣ ಅರ್ಥವಾಯಿತು.

ಪೂರ್ವಿಗೆ ನಗು ತಡೆಯಲಾಗಲಿಲ್ಲ. "ಅಮ್ಮಾ, ಕಾಶೀಬೇನ್ ಮಾಸಿ ಉಲ್ಟಾ ಸಮಝಿದಾರೆ! ನಾನು ಎಲ್ಲರಿಗೂ ಹೇಳ್ತೀನಿ."

ಹೇಳಿದ್ದರೆ ಸಭೆಯೆಲ್ಲ ನಗುತ್ತಿತ್ತು, ದೂರು ಅಲ್ಲೇ ಮುಗಿಯುತ್ತಿತ್ತು. ಗೌರಮ್ಮ ಮಗಳ ತೊಡೆ ಚಿವುಟಿದಳು. "ಬಾಯ್ಮುಚ್ಚೇ. ಹಿರೀರು."

ಆಮೇಲೆ ಎದ್ದು ನಿಂತು ತನ್ನ ಹರಕು ಹಿಂದಿಯಲ್ಲಿ, "ಹಾಂ ಮಾಸಿ, ಮೈ ಬೋಲೀ. ದಿಯಾ ನಹೀ. ಗಲ್ತೀ ಮೇರಾ," ಎಂದಳು. ಹೌದು, ನಾನು ಹೇಳಿದೆ, ಕೊಡಲಿಲ್ಲ, ತಪ್ಪು ನನ್ನದೇ ಎಂದು.

ತಪ್ಪು ಒಪ್ಪಿಕೊಂಡ ಮೇಲೆ ದೂರು ನಿಲ್ಲುತ್ತದೆ ಎಂದರು ಕಾರ್ಯದರ್ಶಿ. ಗಿಡ ಕಡಿಸುವ ನಿರ್ಣಯದ ಹಾಳೆಯನ್ನು ಗೌರಮ್ಮ ತನ್ನ ಕಡೆಗೆ ಎಳೆದುಕೊಂಡು ಸಹಿ ಹಾಕಿದಳು.