ಮ್ಯಾಟಿನಿಯಲ್ಲಿ ಕಾಣೆಯಾದ ಗಿರಿಜಾ

ಗೆಳೆಯರೇ, ಇವತ್ತು ಬ್ಯಾಡಗಿಯಲ್ಲಿ ತಂಗಿ ಗಿರಿಜಾಳ ಮನೆಗೆ ಹೋಗಿದ್ದೆ. ಅವಳ ಮಗಳು ಕೇಳಿದಳು: "ಮಾಮಾ, ನಿಮಗ ಭಾಳ ಅಂಜಿಕಿ ಆಗಿದ್ದು ಯಾವ ಸಿನಿಮಾಕ್ಕರೀ?"

ಎಂಬತ್ತರ ದಶಕದಲ್ಲಿ ರಾಣೇಬೆನ್ನೂರಿನ ಟಾಕೀಸಿನಲ್ಲಿ ನಾನೂ ಗಿರಿಜಾಳೂ ನೋಡಿದ ದೆವ್ವದ ಸಿನಿಮಾದ ಕಥೆ ಹೇಳಿದೆ. ಮ್ಯಾಟಿನಿ ನಡುವೆ ಕರೆಂಟು ಹೋಯಿತು. ಮತ್ತೆ ಬಂದಾಗ ಪಕ್ಕದ ಕುರ್ಚಿಯಲ್ಲಿ ಪುಟ್ಟ ಗಿರಿಜಾ ಇರಲಿಲ್ಲ! ಪರದೆಯ ಮೇಲಿನ ದೆವ್ವ ಮರೆತೇಹೋಯಿತು. ಅವ್ವನಿಗೆ ಏನು ಹೇಳಲಿ ಎಂದುಕೊಳ್ಳುತ್ತಾ ಸಾಲುಸಾಲು ಹುಡುಕಿದೆ. ಕೊನೆಗೆ ನೋಡಿದರೆ, ಹೆಂಗಸರ ಸಾಲಿನಲ್ಲಿ ಯಾವುದೋ ಅಜ್ಜಿಯ ತೊಡೆಯ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದಳು. ಹೋದ ಜೀವ ಬಂದಂತಾಯಿತು.

ಕೇಳುತ್ತಿದ್ದ ಗಿರಿಜಾ ನಕ್ಕುಬಿಟ್ಟಳು. "ನಾ ದೆವ್ವಕ್ಕ ಅಂಜಿರಲಿಲ್ಲ ಅಣ್ಣಾ. ಕತ್ತಲಾಗ ನೀ ಚೀರಿದಿಯಲ್ಲ, ಅದಕ್ಕ ಅಂಜಿ ಓಡಿದ್ದೆ!"

ಪಾಪ, ದೆವ್ವ ತೋರಿಸಿ ತಂಗಿಯನ್ನು ಹೆದರಿಸಿದರೆಂದು ಇಷ್ಟು ವರ್ಷ ಆ ಸಿನಿಮಾದವರನ್ನು ಸುಮ್ಮನೆ ಬೈದೆ.